ಕಬ್ಬನ್ ಪಾರ್ಕ್: ನಡೆದು ನೋಡಬೇಕಾದ ಇತಿಹಾಸ

1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಬೆಂಗಳೂರಿನ ನಡುವೆ ರೂಪಿಸಿದ, ಮೊದಲು ಮೀಡ್ಸ್ ಪಾರ್ಕ್ ಎನಿಸಿ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಅಧಿಕೃತ ಹೆಸರು ಪಡೆದ ಕಬ್ಬನ್ ಪಾರ್ಕನ್ನು ಇತಿಹಾಸಾಸಕ್ತರು ನಿಧಾನವಾಗಿ ನಡೆದೇ ನೋಡಬೇಕು. ಇಲ್ಲಿನ ಕಟ್ಟಡಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮರಣಾರ್ಥ ನಿರ್ಮಿಸಿದ ಕೆಂಪು ಬಣ್ಣದ ಭವನ. ಸ್ಮಾರಕವೊಂದು ಗ್ರಂಥಾಲಯವಾಗಿ ಓದುಗರಿಗೆ ಒದಗಿಬಂದಿರುವುದು, ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಕಾರಣರಾದ ಆಡಳಿತಗಾರರಿಗೆ ಸಲ್ಲಬಹುದಾದ ಅತ್ಯುಚಿತ ಗೌರವವೆಂದೇ ನಾನು ಭಾವಿಸುತ್ತೇನೆ. 1906ರಲ್ಲಿ ಅನಾವರಣಗೊಂಡ ರಾಣಿ ವಿಕ್ಟೋರಿಯಾಳ ಅಮೃತಶಿಲೆಯ ಪ್ರತಿಮೆಯೊಂದಿಗೆ ಏಳನೆಯ ಎಡ್ವರ್ಡ್ ಮತ್ತು ಚಾಮರಾಜೇಂದ್ರ ಒಡೆಯರ್ ಅವರ ಪ್ರತಿಮೆಗಳೂ ಇಲ್ಲಿವೆ. 1868ರಲ್ಲಿ ಪೂರ್ಣಗೊಂಡ, ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಹೊರಗಿನಿಂದಲೇ ನೋಡಿದರೂ ಸಾಕು. ಗದ್ದಲ ಒಲ್ಲದವರಿಗೆ ಮುಂಜಾನೆಯೇ ಪ್ರಶಸ್ತ ಸಮಯ.