ಹರಿಹರದ ನೇಮ್‌ಪ್ಲೇಟ್ ನೋಡಿ ಹಳೇ ಲೇತ್ ಕೊಂಡೆ, ನೀವು ಹಾಗೆ ಮಾಡಬೇಡಿ

ಪುಣೆ ಹತ್ತಿರದ ಭೋಸರಿ, ಚಿಖಲಿ ಕಡೆ ಹಳೇ ಮಷೀನ್ ಹುಡುಕುತ್ತಿರುವ ನಮ್ಮ ಕನ್ನಡದವರು ಯಾರಾದರೂ ಇದ್ದರೆ, ಮುಂಗಡ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಮನೆಯ ವರ್ಕ್‌ಶಾಪಿಗೆ ಅಂತ ಒಂದು ಹಳೇ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡಿಯುವ ಮಷೀನ್) ಮೇಲೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಸುರಿದೆ. ಅದರಲ್ಲಿ ಒಂದು ಸರಿಯಾದ ಪಿನ್ ಕೂಡ ಮಾಡಲು ಆಗಲಿಲ್ಲ.

ನಮ್ಮೂರು ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅಪ್ಪ ಫಿಟ್ಟರ್ ಆಗಿದ್ದರು. ಲೇತ್ ಬೆಡ್‌ಗಳನ್ನು (ಕ್ಯಾರೇಜ್ ಓಡಾಡುವ ಉದ್ದನೆಯ ಕಬ್ಬಿಣದ ಹಾಸು) ಕೈಯಿಂದ ಸ್ಕ್ರೇಪ್ ಮಾಡಿ, ಅಂದರೆ ತೆಳ್ಳಗೆ ಹೆರೆದು, ಮಟ್ಟ ತರುವುದು ಅವರ ಕೆಲಸ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು. ಚಿಂಚವಾಡದ ನಮ್ಮ ರೋ ಹೌಸ್ ಕೆಳಗೆ ಸ್ವಲ್ಪ ಜಾಗ ಇದೆ. ಅಲ್ಲಿ ಹರಿಹರದ್ದೇ ಒಂದು ಲೇತ್ ನಿಲ್ಲಿಸಬೇಕು, ಅಪ್ಪ ಬಂದಾಗ ಅದರ ಮುಂದೆ ನಿಂತು ಕೆಲಸ ಮಾಡಬೇಕು. ಇದು ನನ್ನ ಬಹಳ ದಿನದ ಆಸೆ.

ಭೋಸರಿಯ ಒಂದು ಗೋಡೌನ್‌ನಲ್ಲಿ ಅಂಥದ್ದೊಂದು ಕಂಡಿತು. ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಹೆಡ್‌ಸ್ಟಾಕ್ (ಗೇರುಗಳಿರುವ ಪೆಟ್ಟಿಗೆ) ಮೇಲೆ ಹೆಸರಿನ ಪಟ್ಟಿ, ಪಟ್ಟಿಯ ಮೇಲೆ 'ಹರಿಹರ'. ಅದನ್ನು ಓದಿದ ಮೇಲೆ ನಾನು ಬೇರೆ ಏನನ್ನೂ ಸರಿಯಾಗಿ ನೋಡಲಿಲ್ಲ. ವ್ಯಾಪಾರಿ, ಕಡಿಯುವ ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಕ್ಯಾರೇಜ್‌ನ ಚಕ್ರ ತಿರುಗಿಸಿ ತೋರಿಸಿದ, ಬೆಣ್ಣೆಯ ಹಾಗೆ ಓಡಾಡಿತು. ಸ್ಪಿಂಡಲ್ (ತಿರುಗುವ ದಂಡ) ಓಡಿಸಿದ, ಸದ್ದೇ ಇಲ್ಲ. "ಮಷೀನ್ ಏಕ್‌ದಮ್ ಓಕೆ ಆಹೇ" ಅಂದ. 1,40,000ಕ್ಕೆ ಒಪ್ಪಿಕೊಂಡೆ.

ಮನೆಗೆ ಬಂದ ಮೂರನೇ ದಿನ ಅಪ್ಪನಿಗೆ ಫೋನ್ ಮಾಡಿದೆ. ಅವರು ಬೆಲೆ ಕೇಳಲಿಲ್ಲ. "ಚಕ್ ಹತ್ರ ಬೆಡ್ ಮೇಲೆ ಉಗುರು ಎಳೆದು ನೋಡಿದ್ಯಾ?" ಅಂದರು. ಚಕ್ ಅಂದರೆ ಕಡಿಯುವ ತುಂಡನ್ನು ಹಿಡಿದು ತಿರುಗುವ ಭಾಗ. ಆಗ ಹೋಗಿ ಎಳೆದೆ. ಉಗುರು ಟಕ್ ಅಂತ ಸಿಕ್ಕಿಕೊಂಡಿತು. ಸವೆದ ಜಾಗಕ್ಕೂ ಸವೆಯದ ಅಂಚಿಗೂ ನಡುವೆ ಒಂದು ಮೆಟ್ಟಿಲೇ ಇತ್ತು.

ಯಾಕೆ ಹಾಗಾಗುತ್ತದೆ ಗೊತ್ತಾ? ಜಾಸ್ತಿ ಕೆಲಸ ಆಗುವುದು ಕಡಿಯಲು ಹಾಕುವ ಗಿಡ್ಡ ತುಂಡುಗಳು, ಅಂದರೆ ಗಿಡ್ಡ ಜಾಬ್‌ಗಳ ಮೇಲೆ. ಕ್ಯಾರೇಜ್ ತನ್ನ ಆಯಸ್ಸನ್ನೆಲ್ಲ ಚಕ್ ಪಕ್ಕದ ಒಂದೆರಡು ಗೇಣಿನಲ್ಲೇ ಕಳೆಯುತ್ತದೆ. ಅಲ್ಲಿ ಬೆಡ್ ತಗ್ಗಾಗುತ್ತದೆ, ಚಕ್‌ಗೆ ಎದುರು ತುದಿಯ ಟೈಲ್‌ಸ್ಟಾಕ್ ಕಡೆ ಹೊಸದರಂತೆಯೇ ಇರುತ್ತದೆ. ಇದನ್ನು ಪರೀಕ್ಷೆ ಮಾಡಲು ದುಡ್ಡೇ ಬೇಡ. ಕ್ಯಾರೇಜನ್ನು ಚಕ್ ಹತ್ತಿರ ತಂದು ಅದರ ಲಾಕನ್ನು ಸ್ವಲ್ಪವೇ ಬಿಗಿ ಮಾಡಿ, ಎಳೆದರೆ ಸಣ್ಣ ಹಿಡಿತ ಸಿಗುವಷ್ಟು. ಆಮೇಲೆ ಟೈಲ್‌ಸ್ಟಾಕ್ ಕಡೆ ಓಡಿಸಿ. ದಾರಿಯಲ್ಲಿ ಕಚ್ಚಿಕೊಂಡು ನಿಂತರೆ ಬೆಡ್ ಸವೆದಿದೆ ಅಂತಲೇ ಅರ್ಥ. ನನಗೆ ತೋರಿಸಿದ ಬೆಣ್ಣೆ ಓಟಕ್ಕೆ ಕಾರಣ ಬೇರೆ. ಕ್ಯಾರೇಜ್ ಎಷ್ಟು ಬಿಗಿ ಕೂರಬೇಕು ಅಂತ ಹೊಂದಿಸುವ ಗಿಬ್ ಸ್ಕ್ರೂಗಳನ್ನು ಪೂರ್ತಿ ಸಡಿಲ ಬಿಟ್ಟಿದ್ದರು.

ಆದರೂ ಮಷೀನಿಗೆ ಅನ್ಯಾಯ ಆಗಬಾರದು ಅಂತ ಒಳ್ಳೆಯ ಲೆವೆಲ್ ತಂದು ಮೊದಲು ಮಟ್ಟ ಮಾಡಿದೆ. ಬೆಡ್ ತಿರುಚಿಕೊಂಡಿದ್ದರೂ ಜಾಬ್ ಒಂದು ತುದಿ ಸಪೂರ, ಇನ್ನೊಂದು ದಪ್ಪ ಬರುತ್ತದೆ ಅಲ್ವಾ. ಆಮೇಲೆ 150 ಮಿಲಿಮೀಟರ್ ಉದ್ದದ ರಾಡ್ ತಿರುವಿದೆ. ಎರಡು ತುದಿಗಳ ವ್ಯಾಸದಲ್ಲಿ 0.14 ಮಿಲಿಮೀಟರ್ ವ್ಯತ್ಯಾಸ. ಬೆಡ್ ಗ್ರೈಂಡ್ ಮಾಡಿಸಬಹುದಾ ಅಂತ ವಿಚಾರಿಸಿದೆ. ಬರೀ ಗ್ರೈಂಡ್ ಮಾಡಿದರೆ ಮುಗಿಯುವುದಿಲ್ಲ. ಬೆಡ್ ತಗ್ಗಿದಷ್ಟು ಕ್ಯಾರೇಜ್‌ನ ತಳಭಾಗವಾದ ಸ್ಯಾಡಲ್ ಕೆಳಗೆ ಇಳಿಯುತ್ತದೆ, ಅದರ ಮುಂಭಾಗದ ಏಪ್ರನ್ನಿಗೂ ಥ್ರೆಡ್ ಕಡಿಯುವಾಗ ಕ್ಯಾರೇಜ್ ಎಳೆಯುವ ಲೀಡ್ ಸ್ಕ್ರೂಗೂ ಸಾಲು ತಪ್ಪುತ್ತದೆ. ಸ್ಯಾಡಲ್ ಕೆಳಗೆ ಟರ್ಸೈಟ್ ಅನ್ನುವ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮತ್ತೆ ಸ್ಕ್ರೇಪ್ ಮಾಡಬೇಕು. ಕೇಳಿದ ಬೆಲೆ ಲೇತ್‌ನ ಬೆಲೆಗಿಂತ ಕಡಿಮೆ ಇರಲಿಲ್ಲ.

ಸದ್ದು ಇರಲಿಲ್ಲ ಅಂದೆನಲ್ಲ, ಹೆಡ್‌ಸ್ಟಾಕ್ ಎಣ್ಣೆ ಬಸಿದಾಗ ಅದೂ ಗೊತ್ತಾಯಿತು. ಜೇನುತುಪ್ಪದಷ್ಟು ದಪ್ಪ ಎಣ್ಣೆ ತುಂಬಿದ್ದರು, ಗೇರುಗಳ ಗಲಾಟೆ ಕೇಳದ ಹಾಗೆ. ತಳದಲ್ಲಿ ಕಬ್ಬಿಣದ ಪುಡಿ, ಜೊತೆಗೆ ಮುರಿದ ಹಲ್ಲಿನ ಒಂದು ಚೂರು. ನೋಡಲು ಹೋದಾಗ ಎಲ್ಲಾ ಸ್ಪೀಡಿನಲ್ಲೂ ಓಡಿಸಿ, ಸುಮ್ನೆ ಖಾಲಿ ಓಡಿಸಬೇಡಿ. ಒಂದು ತುಂಡು ರಾಡ್ ಒಯ್ದು ಅಲ್ಲೇ ಕಟ್ ಹಾಕಿಸಿ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಥ್ರೆಡ್ ಕಡಿಯುವಾಗ. ಗೇರ್‌ಬಾಕ್ಸ್‌ನ ಚಾರ್ಟ್ ನೋಡಿ 2 ಮಿಲಿಮೀಟರ್ ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ)‌ಗೆ ಲಿವರ್ ಇಟ್ಟೆ. ನಟ್ ಎರಡು ಸುತ್ತು ಹೋಗಿ ನಿಂತಿತು. ಹತ್ತು ಥ್ರೆಡ್ ಅಳೆದರೆ 20 ಬರಬೇಕು, 21 ದಾಟಿತ್ತು. ಲೀಡ್ ಸ್ಕ್ರೂಗೇ ಸ್ಕೇಲ್ ಹಿಡಿದೆ. ಹತ್ತು ಥ್ರೆಡ್‌ಗೆ 63.5 ಮಿಲಿಮೀಟರ್. ಅಂದರೆ ಇಂಚಿಗೆ ನಾಲ್ಕು. ಚಾರ್ಟ್ ಬರೆದಿದ್ದು 6 ಮಿಲಿಮೀಟರ್ ಪಿಚ್‌ನ ಸ್ಕ್ರೂಗೆ. ಗೇರ್‌ಬಾಕ್ಸ್ ಒಂದು ಮಷೀನಿನದು, ಸ್ಕ್ರೂ ಇನ್ನೊಂದರದು. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಏಪ್ರನ್, ಕಾಲು, ಬೆಡ್ ಎಲ್ಲ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ನಮ್ಮದಲ್ಲ ಕಣೋ" ಅಂದರು. ಹೆಸರಿನ ಪಟ್ಟಿ ಬಿಚ್ಚಿದಾಗ ಅದರ ಹಿಂದೆಯೂ ಅದೇ ಹೊಸ ಹಸಿರು ಬಣ್ಣ. ರಿವೆಟ್ ತೂತುಗಳೂ ಹೊಸವು.

ಮೋಟಾರ್ ಬಗ್ಗೆ ಒಂದು ಮಾತು. ನಮ್ಮ ಮನೆಗೆ ಸಿಂಗಲ್ ಫೇಸ್ ಕರೆಂಟ್, ಲೇತ್ ಮೋಟಾರಿಗೆ ಮೂರು ಫೇಸ್ ಬೇಕು. "ವಿಎಫ್‌ಡಿ ಹಾಕಿ, ಓಡುತ್ತೆ" ಅಂದಿದ್ದ ವ್ಯಾಪಾರಿ. ವಿಎಫ್‌ಡಿ ಅಂದರೆ ಮೋಟಾರಿನ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಡ್ರೈವ್. ಸಿಂಗಲ್ ಫೇಸ್‌ನ ಸಾದಾ ವಿಎಫ್‌ಡಿ ಮೂರು ಫೇಸ್ ಕೊಡುತ್ತದೆ ನಿಜ, ಆದರೆ ಸುಮಾರು 230 ವೋಲ್ಟ್ ಮಾತ್ರ. ನನ್ನದು 5 ಎಚ್‌ಪಿ, ಪ್ಲೇಟಿನಲ್ಲಿ 415 ವೋಲ್ಟ್ ಡೆಲ್ಟಾ ಅಂತ ಇತ್ತು. ಸ್ವಲ್ಪ ಆಳ ಕಟ್ ಕೊಟ್ಟರೂ ನಿಂತುಬಿಡುತ್ತಿತ್ತು. ಸ್ಟಾರ್, ಡೆಲ್ಟಾ ಅಂದರೆ ಮೋಟಾರಿನ ಸುರುಳಿಗಳನ್ನು ಜೋಡಿಸುವ ಎರಡು ರೀತಿ. 415 ವೋಲ್ಟ್ ಸ್ಟಾರ್ ಇರುವ ಮೋಟಾರ್ ಆದರೆ ಡೆಲ್ಟಾಗೆ ಬದಲಿಸಿ ಓಡಿಸಬಹುದು. ಪ್ಲೇಟ್ ಓದಿ, ಫೋಟೋ ತೆಗೆದುಕೊಳ್ಳಿ.

ಇಳಿಸುವಾಗಲೂ ನೀವೇ ಎದುರಿಗೆ ನಿಂತಿರಿ. ನಾನು ಟೀ ತರಲು ಒಳಗೆ ಹೋದ ಐದು ನಿಮಿಷದಲ್ಲಿ ಎತ್ತುವ ಪಟ್ಟಾವನ್ನು ಕ್ಯಾರೇಜ್ ಓಡಿಸುವ ಫೀಡ್ ರಾಡ್ ಸೇರಿಸಿ ಸುತ್ತಿ ಹೈಡ್ರಾ ಕ್ರೇನ್‌ನಲ್ಲಿ ಎತ್ತಿದರು. ರಾಡ್ ಬಾಗಿತು.

ವ್ಯಾಪಾರಿ ಹತ್ತಿರ ಮೂರು ಸಲ ಹೋದೆ. ಬಿಲ್ ತೋರಿಸಿದ. 'ಹಳೇ ಮಷೀನರಿ, ಇದ್ದ ಸ್ಥಿತಿಯಲ್ಲಿ' ಅಂತ ಬರೆದಿತ್ತು. ಮೇಕ್ ಇಲ್ಲ, ಮಾಡೆಲ್ ಇಲ್ಲ, ನಂಬರ್ ಇಲ್ಲ. ಬಾಯಲ್ಲಿ ಹೇಳಿದ ಹೆಸರು ಬಿಲ್ಲಿನಲ್ಲೂ ಬರಲಿ ಅಂತ ಅವತ್ತೇ ಹಟ ಹಿಡಿಯಬೇಕಿತ್ತು. ಕೊನೆಗೆ ಚಕ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತೂಕಕ್ಕೆ ಹಾಕಿದೆ. 38,000 ಬಂತು.

ಆಸೆ ಬಿಟ್ಟಿಲ್ಲ. ಸಣ್ಣ ಏರುಪೇರು ಅಳೆಯುವ ಒಂದು ಡಯಲ್ ಗೇಜ್ ಕೊಂಡಿದ್ದೇನೆ, ಎರಡು ಮಷೀನ್ ನೋಡಿಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಅಪ್ಪ ಬರುತ್ತಾರೆ. ಅವರು ಬೆಡ್ ಮೇಲೆ ಕೈ ಸವರುವವರೆಗೆ ಯಾರಿಗೂ ಒಂದು ರೂಪಾಯಿ ಮುಂಗಡ ಕೊಡುವುದಿಲ್ಲ.