21 ದಿನ ಮಗುವಿನ ಮುಖ ನೋಡಬೇಡಿ ಅನ್ನುವವರ ಹತ್ತಿರ ಮಗುವನ್ನು ಬಿಡಬೇಡಿ

ನಮ್ಮ ಹುಬ್ಬಳ್ಳಿ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತ ನಗುತ್ತೇವೆ. ನಾನೂ ನಕ್ಕವಳೇ. ಧಾರವಾಡದಲ್ಲಿ ಬೆಳಗಾವಿ ರಸ್ತೆಯ ಆ ಮಾನಸಿಕ ಆಸ್ಪತ್ರೆಗೆ ಈಗ ಡಿಮ್ಹಾನ್ಸ್ ಅಂತ ಹೆಸರಿದ್ದರೂ ನಮ್ಮ ಓಣಿಯಲ್ಲಿ ಅದು ಇಂದಿಗೂ ಹುಚ್ಚರ ದವಾಖಾನೆ. ಆ ಗೇಟು ದಾಟುವ ನಾಚಿಕೆಗೆ ನಾವು ಬೇರೆ ಗೇಟಿಗೆ ಹೋದೆವು. ನೀವು ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮಗನಿಗೆ ಆಗ 15 ವರ್ಷ. ನಾಲ್ಕು ನಾಲ್ಕು ರಾತ್ರಿ ನಿದ್ದೆ ಇಲ್ಲ, ಬಾಯಿಗೆ ಬಿಡುವಿಲ್ಲ, ಅಡ್ಡ ಬಂದವರ ಮೇಲೆ ಕೈ. ಮಿಕ್ಸರ್ ಎತ್ತಿ ಒಗೆದ, ತಂಗಿಯ ಪುಸ್ತಕ ಹರಿದ, ಒಮ್ಮೆ ನನ್ನ ಕೈ ತಿರುವಿದ್ದಕ್ಕೆ ಆರು ವಾರ ಪಟ್ಟಿ ಕಟ್ಟಿಕೊಂಡಿದ್ದೆ. ಅದು ಇಳಿದರೆ ವಾರಗಟ್ಟಲೆ ಹೊದ್ದು ಮಲಗುವುದು, ಊಟಕ್ಕೂ ಏಳುವುದಿಲ್ಲ. ಮನೋವೈದ್ಯರೊಬ್ಬರು ಇದು ಬೈಪೋಲಾರ್, ಮನಸ್ಸು ಅತಿಯಾಗಿ ಏರಿ ಅತಿಯಾಗಿ ಇಳಿಯುವ ಕಾಯಿಲೆ ಅಂತ ಹೇಳಿ ಲಿಥಿಯಂ ಗುಳಿಗೆ ಶುರು ಮಾಡಿದರು. ಎರಡು ತಿಂಗಳಲ್ಲಿ ಮನೆಮಂದಿಯೆಲ್ಲ ರಾತ್ರಿ ನಿದ್ದೆ ಮಾಡುವಂತಾಯಿತು.

ಆದರೆ ಅವನ ಕೈ ಸಣ್ಣಗೆ ನಡುಗುತ್ತಿತ್ತು. ಬಸಿಗೆ ಚಹಾ ಹಾಕಿ ಕೊಟ್ಟರೆ ಅಂಗಿ ಮೇಲೆ ತುಳುಕುತ್ತಿತ್ತು. ಬಂದ ಬೀಗರೆಲ್ಲ ಅದನ್ನೇ ನೋಡಿದರು. ‘ಗುಳಗಿ ತಿನಿಸಿ ಹುಡುಗನ್ನ ಹಾಳ ಮಾಡಾಕತ್ತೀರಿ’ ಅಂದರು. ಅವರಲ್ಲೇ ಒಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಹಾವೇರಿ ಕಡೆ ಒಂದು ತೋಟದ ಮನೆ, ಗುಳಿಗೆ ಇಲ್ಲದೆ 90 ದಿನದಲ್ಲಿ ಪೂರ್ತಿ ಗುಣ.

ಅಲ್ಲಿಯ ಮುಖ್ಯಸ್ಥರು ಮಗನ ಎರಡೂ ಕೈ ಚಾಚಿಸಿ ‘ನೋಡ್ರಿ, ವಿಷ ಹೆಂಗ ಏರೇತಿ’ ಅಂದರು. ನಂಬಿದೆ. ಲಿಥಿಯಂನಲ್ಲಿ ಸಣ್ಣ ನಡುಕ ಸಾಮಾನ್ಯ, ರಕ್ತ ಪರೀಕ್ಷೆ ನೋಡಿ ಪ್ರಮಾಣ ಸರಿ ಮಾಡುತ್ತಾರೆ, ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ತಿರುಗಿ ಬರುವ ಅಪಾಯವಿದೆ. ನಮ್ಮ ವೈದ್ಯರಿಗೆ ಒಂದು ಫೋನ್ ಮಾಡಿದ್ದರೆ ಇಷ್ಟೂ ತಿಳಿಯುತ್ತಿತ್ತು. ಮಾಡಲಿಲ್ಲ. 45,000 ರೂಪಾಯಿ ಕಟ್ಟಿದೆವು. ರಸೀದಿಯಲ್ಲಿ ಚಿಕಿತ್ಸೆ ಅಂತ ಬರೆದಿರಲಿಲ್ಲ, ‘ದೇಣಿಗೆ’ ಅಂತಿತ್ತು. ದುಡ್ಡು ವಾಪಸ್ ಕೇಳಲು ಹೋದಾಗ ಅದರ ಅರ್ಥ ಗೊತ್ತಾಯಿತು. 21 ದಿನ ಮನೆಯವರು ಬರಬಾರದು, ಹುಡುಗನ ಜೀವ ಮನೆ ಕಡೆ ಎಳೆಯುತ್ತದೆ ಅಂದರು. ಗುಳಿಗೆ ಡಬ್ಬಿಯನ್ನು ನಾನೇ ಅವರ ಕೈಗೆ ಕೊಟ್ಟು ಬಂದೆ.

ಎರಡನೆಯ ಭಾನುವಾರ ಫೋನ್ ಕೊಟ್ಟರು. ಮಗ ಅಂದ: ‘ನಾನು ಚೆನ್ನಾಗಿದ್ದೇನೆ ಅಮ್ಮ, ನೀವು ಚಿಂತೆ ಮಾಡಬೇಡಿ.’

ನಮ್ಮ ಮನೆಯಲ್ಲಿ ಯಾರೂ ಚೆನ್ನಾಗಿರುವುದಿಲ್ಲ, ಆರಾಮ ಇರುತ್ತೇವೆ. ಮಾತು ಬಂದಾಗಿನಿಂದ ನಾನು ಅವನಿಗೆ ‘ಅವ್ವಾ’. ನನಗೆ ಅವನು ‘ನೀವು’ ಅಂದಿದ್ದು ಅದೇ ಮೊದಲು. ಯಾರೋ ಪಕ್ಕದಲ್ಲಿ ನಿಂತು ಹೇಳಿಸಿದ ಮಾತದು. ರಾತ್ರಿ ಕಣ್ಣು ಮುಚ್ಚಲಿಲ್ಲ. ಮುಂಜಾನೆ ಮೊದಲ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೊರಟೆವು.

ಎರಡು ತಾಸು ಹೊರಗೆ ಕೂಡಿಸಿದರು. ಏಪ್ರಿಲ್ ಬಿಸಿಲಲ್ಲಿ ಅವನಿಗೆ ತುಂಬುತೋಳಿನ ಅಂಗಿ ಹಾಕಿ ಕರೆತಂದರು. ಅಂಗಿ ಅವನದಲ್ಲ. ತೋಳು ಮೇಲೆ ಸರಿಸಿದೆ. ಎರಡೂ ಮಣಿಕಟ್ಟಿನ ಸುತ್ತ ಹಗ್ಗದ ಗುರುತು, ಬಳೆ ಇಡಿಸಿದ ಹಾಗೆ. ಎಡಗೈಯ ಗಾಯ ಇನ್ನೂ ಹಸಿಯಿತ್ತು. ನನ್ನ ಮುಖ ನೋಡಲಿಲ್ಲ. ತನ್ನಷ್ಟಕ್ಕೆ ಏನೋ ಎಣಿಸುತ್ತಿದ್ದ.

ಅಲ್ಲಿಂದ ನೇರ ಧಾರವಾಡಕ್ಕೆ, ಅದೇ ಗೇಟಿಗೆ. ಒಳಗೆ ನೋಡಿದರೆ ನನ್ನಂಥ ತಾಯಂದಿರೇ, ಬುತ್ತಿ ಬಿಚ್ಚಿಕೊಂಡು ಮಕ್ಕಳ ಪಕ್ಕ ಕೂತವರು. ದಾಖಲಾಗಿದ್ದಷ್ಟೂ ದಿನ ನಾನು ಅವನ ಹಾಸಿಗೆ ಬಿಟ್ಟು ಕದಲಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುವುದೂ ಅದನ್ನೇ: 18 ವರ್ಷದೊಳಗಿನವರನ್ನು ದಾಖಲು ಮಾಡಿದರೆ ಮನೆಯವರೊಬ್ಬರು, ಇಲ್ಲವೇ ಅವರು ಗೊತ್ತುಮಾಡಿದವರು, ಕೊನೆಯವರೆಗೂ ಜೊತೆಗಿರಬೇಕು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ತುರ್ತಿಗೆ ಹಿಡಿದಿಡಬೇಕಾದರೂ ಮನೋವೈದ್ಯರ ಅನುಮತಿ ಬೇಕು, ಶಿಕ್ಷೆಗಂತೂ ಕೂಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥದ್ದೇ ಒಂದು ಜಾಗಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿಯಲ್ಲಿದ್ದವರು ಓಡುವುದಾದರೂ ಹೇಗೆ? ಅದನ್ನು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಎಲ್ಲಿಗೇ ಹೋಗಿ, ಆ ಕಾಯ್ದೆಯಡಿ ನೋಂದಣಿ ಇದೆಯಾ, ನೋಡುವ ಮನೋವೈದ್ಯರು ಯಾರು, ನಾನು ರಾತ್ರಿ ಇಲ್ಲೇ ಇರಬಹುದಾ ಅಂತ ಕೇಳಿ. ಮೂರನೆಯದಕ್ಕೆ ತಡವರಿಸಿದರೆ ಮಗುವಿನ ಕೈ ಹಿಡಿದು ಹೊರಗೆ ಬನ್ನಿ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಮಗ ಈಗ ಮನೆಯಲ್ಲಿದ್ದಾನೆ. ಲಿಥಿಯಂ ನಡೆದಿದೆ, ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ, ನಡುಕ ಕಡಿಮೆಯಾಗಿದೆ. ಸಿಟ್ಟು ಪೂರ್ತಿ ಹೋಗಿಲ್ಲ, ಹೋದ ವಾರ ಬಾಗಿಲಿಗೆ ಒದ್ದ. ರಸ್ತೆ ದಾಟುವಾಗ ಕೈ ಹಿಡಿಯಲು ಹೋದರೆ ಮಾತ್ರ ಇಂದಿಗೂ ಮಣಿಕಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ನಿಮ್ಮ ಮಗು ಈಗ ಅಂಥ ಜಾಗದಲ್ಲಿದ್ದರೆ ಫೋನ್ ಮಾಡಿ ಕೇಳುತ್ತಾ ಕೂಡಬೇಡಿ. ಹೇಳದೆ ಹೋಗಿ, ನಾಳೆ ಮೊದಲ ಬಸ್ಸಿಗೆ. ತೋಳು ಮೇಲೆ ಸರಿಸಿ ನೋಡಿ.