ಮುಂಬೈ ಸಿಎಸ್‌ಎಂಟಿ ಕ್ಲೋಕ್ ರೂಮ್: ಬ್ಯಾಗ್ ಇಲ್ಲಿಡಿ, ಮಾಟುಂಗಾ ಸುತ್ಕೊಂಡು ಬನ್ನಿ

ಬೆಳಿಗ್ಗೆ ಮುಂಬೈನಲ್ಲಿ ಇಳಿದು ರಾತ್ರಿ ಟ್ರೈನಿಗೆ ಮಂಗ್ಳೂರು ಕಡೆ ಹೊರಡೋರು ಮಧ್ಯದ ಆ ಒಂದು ಹಗಲಿಗೋಸ್ಕರ ಲಾಡ್ಜಲ್ಲಿ ರೂಮ್ ಮಾಡ್ಬೇಡಿ, ದುಡ್ಡು ದಂಡ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ನಲ್ಲೇ ಕ್ಲೋಕ್ ರೂಮ್, ಅಂದ್ರೆ ದುಡ್ಡು ಕೊಟ್ಟು ಬ್ಯಾಗ್ ಇಡೋ ಜಾಗ, ಇದೆ. ಅಮ್ಮನ್ನ ಕರ್ಕೊಂಡು ಹೋದಾಗ ನಮ್ಮ ಸೂಟ್‌ಕೇಸ್‌ಗಳನ್ನೆಲ್ಲ ಅಲ್ಲೇ ಕೊಟ್ಟು ಒಂದು ನೀರಿನ ಬಾಟ್ಲಿ ಹಿಡ್ಕೊಂಡು ಇಡೀ ದಿನ ಆರಾಮಾಗಿ ತಿರುಗಾಡಿದ್ವಿ, ಮಂಡಿನೋವಿರೋ ಅಮ್ಮನೂ ಖುಷಿಯಾಗಿ ನಡೆದ್ರು.

ಕೊಡೋ ರೀತಿ ಸುಲಭ. ಟ್ರೈನ್ ಟಿಕೆಟ್ ಮತ್ತೆ ಆಧಾರ್ ಕೈಯಲ್ಲಿರ್ಲಿ, ಪ್ರತಿ ಬ್ಯಾಗಿಗೂ ಬೀಗ ಬೇಕೇ ಬೇಕು, ಜಿಪ್ ಎಳೆದ್ರೆ ಸಾಲಲ್ಲ, ಹಾಗಾಗಿ ಮನೆಯಿಂದಲೇ ಸಣ್ಣ ಬೀಗ ತಗೊಂಡು ಹೋಗಿ. ಚಾರ್ಜ್ ಒಂದೊಂದು ಬ್ಯಾಗಿಗೆ, 24 ಗಂಟೆ ಲೆಕ್ಕದಲ್ಲಿ. ರಶೀದಿ ಕೊಡ್ತಾರೆ, ಅದನ್ನ ತಕ್ಷಣ ಮೊಬೈಲಲ್ಲಿ ಫೋಟೋ ತೆಕ್ಕೊಂಡು ಆಮೇಲೆ ಪರ್ಸಿಗೆ ಹಾಕಿ. ಲ್ಯಾಪ್‌ಟಾಪ್, ಒಡವೆ, ದಿನಾ ತಗೊಳ್ಳೋ ಮಾತ್ರೆ ನಿಮ್ಮ ಹತ್ರಾನೇ ಇರ್ಲಿ. ತಿಂಡಿ ಒಳಗಿಟ್ಟು ಕೊಡ್ಬೇಡಿ, ಯಾವ ಸ್ಟೇಷನ್ ಆದ್ರೂ ಇಲಿ ಇರೋದೇ. ಸ್ಟೇಷನ್ನಿನ ಮರುನಿರ್ಮಾಣದ ಕೆಲಸ ನಡೀತಿರೋದ್ರಿಂದ ಹಳೇ ವಿಡಿಯೋ ನೋಡ್ಕೊಂಡು ಜಾಗ ಹುಡುಕೋದು ಬಿಟ್ಟು ನೇರ ಎನ್‌ಕ್ವೈರಿಯಲ್ಲಿ ಕೇಳಿ.

ಇದಕ್ಕಿಂತ ಮುಖ್ಯವಾದ್ದು, ನಿಮ್ಮ ಟ್ರೈನ್ ಎಲ್ಲಿಂದ, ಯಾವಾಗ ಹೊರಡುತ್ತೆ ಅಂತ ಮೊದಲೇ ನೋಡ್ಕೊಳ್ಳಿ. ಮಂಗ್ಳೂರಿಗೆ ಹೋಗೋ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡೋದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಂದ, ಅದೂ ಮಧ್ಯಾಹ್ನವೇ. ಅದಕ್ಕೆ ಬುಕ್ ಮಾಡಿದೋರು ಸಿಎಸ್‌ಎಂಟಿಯಲ್ಲಿ ಬ್ಯಾಗ್ ಇಟ್ರೆ ಊರಿಡೀ ದಾಟಿ ಓಡ್ಬೇಕಾಗುತ್ತೆ.

ಸಿಎಸ್‌ಎಂಟಿ ನನಗ್ಯಾಕೆ ಇಷ್ಟ ಅಂದ್ರೆ ಜನರ ಓಟದ ದಿಕ್ಕು. ಬೆಳಿಗ್ಗೆ ಇಡೀ ಮುಂಬೈ ದಕ್ಷಿಣಕ್ಕೆ ಆಫೀಸಿಗೆ ಬರ್ತಿರುತ್ತೆ, ನೀವು ಅದೇ ಹೊತ್ತಲ್ಲಿ ಇಲ್ಲಿಂದ ಎಲ್ಲಾ ಸ್ಟೇಷನ್ನಲ್ಲೂ ನಿಲ್ಲೋ ಸ್ಲೋ ಲೋಕಲ್ ಹತ್ತಿ, ದಕ್ಷಿಣ ಭಾರತದವರು ಜಾಸ್ತಿ ಇರೋ ಮಾಟುಂಗಾ ಕಡೆ ಹೋದ್ರೆ ಕೂರೋಕೆ ಜಾಗ ಸಿಗುತ್ತೆ, ಸಂಜೆ ಎಲ್ಲರೂ ಮನೆಗೆ ಉತ್ತರಕ್ಕೆ ಹೋಗುವಾಗ ನೀವು ಖಾಲಿ ಗಾಡಿಯಲ್ಲಿ ವಾಪಸ್. ಫಾಸ್ಟ್ ಹತ್ಬೇಡಿ, ಮಾಟುಂಗಾದಲ್ಲಿ ನಿಲ್ಲಲ್ಲ. ಭಾನುವಾರ ಆದ್ರೆ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಗಾಡಿ ನಿಲ್ಲಿಸೋದು, ಬೇರೆ ಹಳಿಗೆ ತಿರುಗಿಸೋದು) ಇದ್ಯಾ ಅಂತ ಮೊದಲು ವಿಚಾರಿಸಿ, ಹಗಲು ಹೊತ್ತು ಗಾಡಿಗಳ ಟೈಮೆಲ್ಲ ಅಡಿಮೇಲಾಗಿರುತ್ತೆ.

ಮಾಟುಂಗಾದಲ್ಲಿ ಇಳಿದ್ರೆ ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ, ಮಹಡಿ ಹತ್ತಿ ಹೋಗಿ ಬಾಳೆ ಎಲೆ ಊಟಕ್ಕೆ ಕೂರಿ. ಸಾರು ನಮ್ಮ ಮನೆ ಸಾರಿನ ಥರಾನೇ ಇತ್ತು, ಅಮ್ಮ ಎರಡನೇ ಸಲ ಹಾಕಿಸ್ಕೊಂಡ್ರು. ಕಿಂಗ್ಸ್ ಸರ್ಕಲ್ ಕಡೆ ನಡೆದ್ರೆ ಕೆಫೆ ಮದ್ರಾಸ್, ಸೋಮವಾರ ರಜೆ. ಹೂವಿನ ಅಂಗಡಿ ಸಾಲು, ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್, ನೆರಳಿರೋ ಫೈವ್ ಗಾರ್ಡನ್ಸ್ ಪಾರ್ಕು, ಎಲ್ಲಾನೂ ನಡೆದೇ ನೋಡ್ಬಹುದು, ಮಧ್ಯೆ ಎಲ್ಲಾದ್ರೂ ಕನ್ನಡ, ತುಳು ಕಿವಿಗೆ ಬಿದ್ರೆ ಆಶ್ಚರ್ಯ ಪಡ್ಬೇಡಿ. ಕೈಯಲ್ಲಿ ಟ್ರಾಲಿ ಬ್ಯಾಗ್ ಇದ್ದಿದ್ರೆ ಮಾಟುಂಗಾ ಸ್ಟೇಷನ್ನಿನ ಬ್ರಿಡ್ಜ್ ಮೆಟ್ಟಿಲಲ್ಲೇ ನಮ್ಮ ಉತ್ಸಾಹ ಮುಗಿದಿರ್ತಿತ್ತು.

ಅಂಗಡಿಗಳಲ್ಲಿ ಬ್ಯಾಗ್ ಇಡೋ ವ್ಯವಸ್ಥೆನೂ ಈಗ ಆಪ್‌ಗಳಲ್ಲಿ ಸಿಗುತ್ತೆ. ಬೇರೆ ಒಂದು ಊರಲ್ಲಿ ಹಾಗೆ ಇಟ್ಟಿದ್ದೆ, ವಾಪಸ್ ಹೋದಾಗ ಅಂಗಡಿ ಶಟರ್ ಎಳೆದಿತ್ತು, ಮಾಲೀಕ ಫೋನ್ ಎತ್ತೋ ಹೊತ್ತಿಗೆ ನನ್ನ ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಅವತ್ತಿಂದ ನಾನಂತೂ ಹೊರಡೋ ಸ್ಟೇಷನ್ನಲ್ಲೇ ಕ್ಲೋಕ್ ರೂಮ್ ಇದ್ರೆ ಅಲ್ಲೇ ಇಡೋದು.

ಈ ಕ್ಲೋಕ್ ರೂಮಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ರಾತ್ರಿ ದೂರದ ಟ್ರೈನ್‌ಗಳು ತುಂಬಾ ಹೊರಡೋದ್ರಿಂದ ರಶ್ ಇರಬಹುದು, ಬ್ಯಾಗ್ ಬಿಡಿಸ್ಕೊಳ್ಳೋಕೆ ಒಂದು ಗಂಟೆ ಮುಂಚೆ ಬನ್ನಿ. ಒಳಗೆ ಹೋಗೋ ಮುಂಚೆ ರಸ್ತೆ ಆಚೆ ಮಹಾನಗರ ಪಾಲಿಕೆ ಕಟ್ಟಡದ ಕಡೆ ನಿಂತು ದೀಪ ಹಾಕಿರೋ ಸ್ಟೇಷನ್ ನೋಡಿ, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಟ್ಟಡ ಅದು. ಫೋಟೋಗೆ ಅಲ್ಲೇ ಒಳ್ಳೆ ಜಾಗ.